ಮೀನಿಗೆ ಮಂದು

ಚನ್ನರಾಯಪ್ಪ ತಿಪ್ಪೆಯ ಮೇಲೆ ನಿಂತು ಫೋನಿನಲ್ಲಿ ಕೂಗಿದ್ದೇ ಎಲ್ಲಕ್ಕೂ ಮೂಲವಾಯಿತು.

ಎರ್ರಗುಂಟದಲ್ಲಿ ಸಿಗ್ನಲ್ ಸಿಗುವುದು ಎರಡೇ ಕಡೆ. ಒಂದು ಆಂಜನೇಯನ ಗುಡಿಯ ಮೆಟ್ಟಿಲು. ಅಲ್ಲಿ ಯಾವಾಗಲೂ ನಾಲ್ಕು ಜನ ಕೂತಿರುತ್ತಾರೆ, ವ್ಯವಹಾರದ ಮಾತು ಆಡುವ ಹಾಗಿಲ್ಲ. ಇನ್ನೊಂದು ಚನ್ನರಾಯಪ್ಪನ ಮನೆ ಹಿಂದಿನ ತಿಪ್ಪೆ. ಅಲ್ಲಿ ಯಾರೂ ಇರುವುದಿಲ್ಲ ಎಂದು ಅವನ ನಂಬಿಕೆ. ತಿಪ್ಪೆಯ ಆಚೆ ಮೋಟು ಗೋಡೆ, ಗೋಡೆಯ ಆಚೆ ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುತ್ತ ಕೂರುವ ಆಂಜಿನಮ್ಮ. ಅದು ಗೊತ್ತಿದ್ದೂ ಆ ದಿನ ಬೆಳಗ್ಗೆ ಅವನು ಮರೆತ.

“ಮಂದು ಕಲಿಪೇಸಿನಾನಣ್ಣಾ! ಮಧ್ಯಾಹ್ನಂ ಪೆಟ್ಟೇಸ್ತಾನು! ಇಂಕ ಟೆನ್ಷನ್ ಉಂಡದು! ಸಾಯಂಕಾಲಂ ಬಂಡಿ ಒಸ್ತುಂದಿ, ಎತ್ತುಕೊನಿ ಪೋತಾರು!”

ಮಂದು ಕಲೆಸಿಟ್ಟಿದ್ದೇನೆ, ಮಧ್ಯಾಹ್ನ ಹಾಕುತ್ತೇನೆ, ಆಮೇಲೆ ಟೆನ್ಷನ್ ಇರುವುದಿಲ್ಲ, ಸಂಜೆ ಗಾಡಿ ಬರುತ್ತದೆ, ಎತ್ತಿಕೊಂಡು ಹೋಗುತ್ತಾರೆ. ಇಷ್ಟೇ ಅವನು ಹೇಳಿದ್ದು. ಆ ಕಡೆ ಫೋನ್ ಹಿಡಿದಿದ್ದವನು ಪಲಮನೇರಿನಲ್ಲಿ ಮೀನಿನ ಔಷಧಿ ಮಾರುವವನು. ಯಾರಿಗೆ ಹಾಕುವುದು, ಯಾರನ್ನು ಎತ್ತಿಕೊಂಡು ಹೋಗುವುದು ಎಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗೋಡೆಯ ಆಚೆ ಇದ್ದವಳಿಗೆ ಹೇಳಬೇಕಾಗಿತ್ತು.

ಆಂಧ್ರ ಗಡಿಯ ನಂಗಲಿಯಿಂದ ಒಳಗೆ ಹೋದರೆ ಸಿಗುವ ಈ ಊರಿನ ಜನ ಕನ್ನಡದಲ್ಲಿ ಅರ್ಜಿ ಬರೆಯುತ್ತಾರೆ, ತೆಲುಗಿನಲ್ಲಿ ಜಗಳ ಆಡುತ್ತಾರೆ. ತೆಲುಗಿನಲ್ಲಿ ಮಂದು ಎಂದರೆ ಔಷಧಿ. ಮಂದು ಎಂದರೆ ಸಾರಾಯಿ. ಮಂದು ಎಂದರೆ ಗಿಡಕ್ಕೆ ಹೊಡೆಯುವ ವಿಷ. ಇವೆಲ್ಲ ಬಿಟ್ಟು, ಆಗದವರಿಗೆ ಅನ್ನದಲ್ಲಿ ಗುಟ್ಟಾಗಿ ಕಲೆಸಿ ಹಾಕುವ ಕೈಮದ್ದಿಗೂ ಅದೇ ಹೆಸರು. ಅದು ಹೊಟ್ಟೆಗೆ ಬಿದ್ದರೆ ಮನುಷ್ಯ ದಿನದಿನಕ್ಕೆ ಸೊರಗಿ ಹೋಗುತ್ತಾನೆ ಎಂದು ಇಲ್ಲಿ ಡಿಗ್ರಿ ಓದಿದವರೂ ನಂಬುತ್ತಾರೆ. ಇಷ್ಟರಲ್ಲಿ ಯಾವುದು ಎಂದು ಕೇಳಿಸಿಕೊಂಡವರೇ ತೀರ್ಮಾನಿಸಿಕೊಳ್ಳಬೇಕು.

ಆಂಜಿನಮ್ಮ ತೀರ್ಮಾನಿಸಿಕೊಂಡಳು. ಈ ದಿನ ಮಧ್ಯಾಹ್ನ ಚನ್ನರಾಯಪ್ಪನ ಮನೆಗೆ ಊಟಕ್ಕೆ ಬರುವವನು ಅವನ ಹೆಂಡತಿ ಭಾರತಮ್ಮನ ಅಣ್ಣ, ಟೇಕಲ್ಲಿನ ಚಿಕ್ಕವೆಂಕಟಪ್ಪ. ಯುಗಾದಿಯ ಮಾರನೆಯ ಹೊಸತೊಡಕಿನ ದಿನ ಇದೇ ಚಿಕ್ಕವೆಂಕಟಪ್ಪ ಹತ್ತು ಜನರ ಎದುರಿಗೆ “ಭಾವನ ಹೊಂಡದ ಮೀನು ಟಾರ್ಪಾಲಿನ ಹಾಗೆ ನಾರ್ತದೆ” ಎಂದಿದ್ದ. ಅವತ್ತಿನಿಂದ ಭಾವ ಭಾವ ಮಾತು ಬಿಟ್ಟಿದ್ದರು. ಇವತ್ತು ಇದ್ದಕ್ಕಿದ್ದ ಹಾಗೆ ಊಟಕ್ಕೆ ಕರೆದಿದ್ದಾನೆ. ಮಧ್ಯಾಹ್ನ ಹಾಕುತ್ತಾನಂತೆ. ಸಂಜೆ ಗಾಡಿ ಬರುತ್ತದಂತೆ. ಎತ್ತಿಕೊಂಡು ಹೋಗುತ್ತಾರಂತೆ.

ಆಂಜಿನಮ್ಮ ಕತ್ತಿಯನ್ನು ಸೊಪ್ಪಿನಲ್ಲೇ ಬಿಟ್ಟು ಹಾಲಿನ ಡೈರಿಗೆ ನಡೆದಳು. ಆ ಹೊತ್ತಿಗೆ ಹಾಲು ಹಾಕುವುದು ಅವಳಿಗೇನೂ ಇರಲಿಲ್ಲ.

ಅಸಲು ವಿಷಯ ಇಷ್ಟು. ಚನ್ನರಾಯಪ್ಪ ಟೊಮೇಟೊ ಬೆಳೆದು ಬೇಜಾರಾಗಿ ಟಾರ್ಪಾಲು ಹಾಸಿದ ಕೃಷಿಹೊಂಡಕ್ಕೆ ಮೀನು ಬಿಟ್ಟಿದ್ದ. ಹೋದ ಸಲ ಮುಳಬಾಗಿಲಿನ ವ್ಯಾಪಾರಿ ಅನಿಲ್‌ಕುಮಾರ್ ಜೀವಂತ ಮೀನು ಕೊಂಡು ನೀರಿನ ತೊಟ್ಟಿ ಇದ್ದ ಗಾಡಿಯಲ್ಲಿ ತುಂಬಿಸಿಕೊಂಡು ಹೋಗಿದ್ದ. ನಂಗಲಿ ದಾಟುವುದರೊಳಗೆ ಅರ್ಧ ಸತ್ತು ತೇಲಿದವು. ಅವನು ಗಾಡಿ ತಿರುಗಿಸಿಕೊಂಡು ಬಂದು, ಸತ್ತದ್ದನ್ನೆಲ್ಲ ಇವನ ಹೊಲದ ಬದುವಿನಲ್ಲಿ ಸುರಿದು, ಮೀನುಗಳ ಬಗ್ಗೆ ಎರಡು ಮಾತು, ಚನ್ನರಾಯಪ್ಪನ ಬಗ್ಗೆ ನಾಲ್ಕು ಮಾತು ಆಡಿ ಹೋಗಿದ್ದ. ಇನ್ನೊಂದೇ ಸಲ ಬಂದು ನೋಡುತ್ತೇನೆ, ಅದೇ ಕೊನೆ ಎಂದೂ ಹೇಳಿದ್ದ. ಭಾರತಮ್ಮ ಅದಕ್ಕಿಂತ ಸ್ಪಷ್ಟವಾಗಿ ಹೇಳಿದ್ದಳು.

“ಈ ಸಲ ಮೀನು ಹೋಗ್ಲಿಲ್ಲ ಅಂದ್ರೆ ಹೊಂಡಕ್ಕೆ ಮಣ್ಣು ತುಂಬ್ಸಿ ಹಿಪ್ಪುನೇರಳೆ ಹಾಕ್ಸ್ತೀನಿ. ನೀವು ಅಡ್ಡ ನಿಂತ್ರೆ ನಿಮ್ಮನ್ನೂ ಸೇರ್ಸೇ ತುಂಬ್ಸ್ತೀನಿ.”

ಕೋಲಾರದಲ್ಲಿ ಒಂದು ದಿನದ ತರಬೇತಿ ಇತ್ತು. ಅಲ್ಲಿ ಧನಶ್ರೀ ಎಂಬ ಮೇಡಂ ಮೀನಿಗೂ ಮನಸ್ಸಿಗೆ ಒತ್ತಡ ಆಗುತ್ತದೆ ಎಂದರು. ಕಿಕ್ಕಿರಿದು ಬದುಕಿದರೆ, ಬಲೆಗೆ ಸಿಕ್ಕರೆ, ಗಾಡಿಯಲ್ಲಿ ಕುಲುಕಿದರೆ ಅದಕ್ಕೆ ಗಾಬರಿ. ಗಾಬರಿಯಾದರೆ ರೋಗ ತಡೆಯುವ ಶಕ್ತಿ ಹೋಗುತ್ತದೆ, ಸಾಯುತ್ತದೆ. ಮನುಷ್ಯನಿಗೆ ಮೊಸರು ಹೇಗೋ ಹಾಗೆ ಮೀನಿಗೂ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಮೇವಿನ ಜೊತೆ ಕೊಟ್ಟರೆ ಕರುಳು ಗಟ್ಟಿಯಾಗಿ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಅದರ ಹೆಸರು ಪ್ರೋಬಯಾಟಿಕ್. ಚನ್ನರಾಯಪ್ಪನ ಬಾಯಲ್ಲಿ ಆ ಪದ ಒಂದೊಂದು ಸಲ ಒಂದೊಂದು ಕಡೆ ಮುರಿಯಿತು. ಊರಿಗೆ ಬರುವಷ್ಟರಲ್ಲಿ ಅವನು ಅದನ್ನು ಬಿಟ್ಟು ಮಂದು ಎನ್ನತೊಡಗಿದ್ದ.

ಅದನ್ನು ಅವನು ಮೀನಿನ ಮರಿ ಬಿಟ್ಟಾಗಿನಿಂದ ಶ್ರದ್ಧೆಯಿಂದ ಮೇವಿಗೆ ಕಲೆಸಿ ಹಾಕಿದ್ದ. ಬಲೆ ಹಾಕುವ ದಿನ ಮೇವು ಕೊಡಬಾರದು, ನೀರಿಗೆ ಮಾತ್ರ ಸುರಿಯಬೇಕು ಎಂದು ಪಲಮನೇರಿನವನು ಹೇಳಿದ್ದ. ಅದಕ್ಕೆಂದೇ ಹಿಂದಿನ ದಿನ ದನದ ಕೊಟ್ಟಿಗೆಯಲ್ಲಿ ನೀಲಿ ಡ್ರಮ್ಮಿಗೆ ಬೆಲ್ಲ, ತೌಡು, ಪುಡಿ, ನೀರು ಹಾಕಿ ಮುಚ್ಚಿಟ್ಟಿದ್ದ. ಬೆಳಗ್ಗೆ ಅದು ಗುಳುಗುಳು ಅನ್ನುತ್ತಿತ್ತು. ಬೆಲ್ಲ, ತೌಡು, ಡ್ರಮ್ಮು, ಗುಳುಗುಳು. ಈ ಸೀಮೆಯ ಹಳಬರಿಗೆ ಆ ಕಳ್ಳಬಟ್ಟಿಯ ವಾಸನೆಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ.

ಡೈರಿಯ ಸಾಲು ಕರಗುವಷ್ಟರಲ್ಲಿ ಸುದ್ದಿ ಎರಡಾಗಿ ಹೋಳಾಗಿತ್ತು. ಹೆಂಗಸರಿಗೆ ತಲುಪಿದ್ದು: ಚನ್ನರಾಯಪ್ಪ ಭಾವನಿಗೆ ಮದ್ದು ಹಾಕುತ್ತಾನೆ. ಗಂಡಸರಿಗೆ ತಲುಪಿದ್ದು: ಚನ್ನರಾಯಪ್ಪನ ಕೊಟ್ಟಿಗೆಯಲ್ಲಿ ಮಂದು ತಯಾರಿದೆ.

ಮೊದಲು ಬಂದವನು ವೆಂಕಟರಾಯಪ್ಪ. ಹಿಂದೆ ಪಂಚಾಯ್ತಿ ಮೆಂಬರಾಗಿದ್ದವನು, ಊರಿಗೆ ಹಿರಿಯ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಟವೆಲಿನ ಒಳಗೆ ಚೊಂಬು.

“ಏನಪ್ಪಾ ಚನ್ನರಾಯ, ಚೆನ್ನಾಗಿದೀಯಾ? ಮೊಮ್ಮಗೂಗೆ ಕೆಮ್ಮು ಕಣಪ್ಪಾ.”

“ಅಯ್ಯೋ, ನಂಗಲಿ ಡಾಕ್ಟ್ರಿಗೆ ತೋರ್ಸಿ ಗೌಡ್ರೇ.”

“ಡಾಕ್ಟ್ರು ಏನ್ ಕೊಡ್ತಾನೆ? ನಿನ್ನ ಹತ್ರ ಮಂದು ಐತಂತೆ. ಒಂದು ಚೊಂಬು ಹಾಕು ಸಾಕು.”

“ಅದು ಮಕ್ಕಳಿಗೆ ಕೊಡೋದಲ್ಲ.”

“ಮಕ್ಕಳಿಗೆ ಯಾರು ಕೊಡ್ತಾರೆ?” ಎಂದ ವೆಂಕಟರಾಯಪ್ಪ, ಕೊಟ್ಟಿಗೆಯ ಕಡೆ ಮೂಗು ತಿರುಗಿಸಿ.

“ಗೌಡ್ರೇ, ಅದು ಮೀನಿಗೆ. ಮೀನಿಗೆ ಟೆನ್ಷನ್ ಆಗ್ತದೆ.”

“ಮೀನಿಗೆ ಟೆನ್ಷನ್ನು. ಯಾಕೆ, ಅದರ ಮಗಳಿಗೆ ಗಂಡು ಸಿಕ್ಕಿಲ್ವಾ?”

“ನಿಜ ಗೌಡ್ರೇ, ಕೋಲಾರದ ಮೇಡಂ ಹೇಳಿದ್ದು.”

“ಆಯ್ತು ಕಣಪ್ಪಾ. ಮೀನಿಗೆ ಡ್ರಮ್ಮುಗಟ್ಟಲೆ ಕೊಡು. ಹುಟ್ಟಿದಾಗಿಂದ ನಿನ್ನನ್ನ ಎತ್ತಿ ಆಡಿಸಿದೋನಿಗೆ ಒಂದು ಚೊಂಬು ಇಲ್ಲ ಅನ್ನು.” ಅವನು ಖಾಲಿ ಚೊಂಬನ್ನು ಟವೆಲಿನಿಂದ ಹೊರಗೆ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಬೀದಿಯಲ್ಲಿ ನಡೆದುಹೋದ. ದಾರಿಯಲ್ಲಿ ಸಿಕ್ಕವರಿಗೆಲ್ಲ ಚನ್ನರಾಯಪ್ಪನ ಕೊಟ್ಟಿಗೆ ನೋಡಿದೆ, ಇಷ್ಟು ದೊಡ್ಡ ಡ್ರಮ್ಮು, ಆದರೆ ಮನಸ್ಸು ಇಷ್ಟೇ ಎಂದು ಹೆಬ್ಬೆರಳಿನ ತುದಿ ತೋರಿಸಿದ.

ಆ ಹೊತ್ತಿಗೆ ಬಸ್ಸಿಳಿದ ಚಿಕ್ಕವೆಂಕಟಪ್ಪನನ್ನು ಆಂಜಿನಮ್ಮ ಊರ ಬಾಗಿಲಿನಲ್ಲೇ ಹಿಡಿದಿದ್ದಳು. ಅವನಿಗೆ ಅನುಮಾನ ಕಲಿಸಬೇಕಾಗಿರಲಿಲ್ಲ. ಬಸ್ ಟಿಕೆಟನ್ನೂ ಬಿಸಿಲಿಗೆ ಹಿಡಿದು ನೋಡುವ ಮನುಷ್ಯ ಅವನು. ಸ್ವಂತ ಮದುವೆಯಲ್ಲಿ ತಾಳಿಯನ್ನು ಅಕ್ಕಸಾಲಿಗನ ಕೈಗೆ ಇನ್ನೊಮ್ಮೆ ಕೊಟ್ಟು ಉಜ್ಜಿಸಿ ನೋಡಿದ ಮೇಲೆಯೇ ಕಟ್ಟಿದವನು.

“ನಾಯ್ನಾ, ನಾನು ಚಾಡಿ ಹೇಳೋಳಲ್ಲ,” ಎಂದು ಶುರು ಮಾಡಿದಳು ಆಂಜಿನಮ್ಮ. “ಊಟ ಮಾತ್ರ ನೋಡ್ಕೊಂಡು ಮಾಡು. ಮಂದು ಹಾಕಿದ್ಮೇಲೆ ಟೆನ್ಷನ್ ಇರಲ್ಲ ಅಂತ ಫೋನಲ್ಲಿ ಹೇಳಿದ್ದನ್ನ ನನ್ನ ಕಿವಿಯಾರೆ ಕೇಳಿದೀನಿ. ಸಂಜೆಗೆ ಗಾಡೀನೂ ಹೇಳಿದಾನೆ.”

“ಯಾವ ಗಾಡಿ?”

“ಅದನ್ನ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ?”

ಮಧ್ಯಾಹ್ನ ಭಾರತಮ್ಮ ನಾಟಿಕೋಳಿ ಸಾರು, ಬಿಸಿ ಮುದ್ದೆ ಬಡಿಸಿದಳು. ಹೊಸತೊಡಕಿನ ಮಾತು ನೆನಪಿದ್ದುದರಿಂದ ಮೀನು ಮಾಡಿರಲಿಲ್ಲ. ತನ್ನ ಮೀನು ಗಾಡಿ ಹತ್ತುವುದನ್ನು ಭಾವ ಕಣ್ಣಾರೆ ನೋಡಲಿ ಎಂದೇ ಚನ್ನರಾಯಪ್ಪ ಅವನನ್ನು ಇವತ್ತು ಕರೆದದ್ದು. ಚಿಕ್ಕವೆಂಕಟಪ್ಪ ಮಣೆಯ ಮೇಲೆ ಕೂತು, ಚೀಲದಿಂದ ಸ್ವಂತ ನೀರಿನ ಬಾಟಲಿ ತೆಗೆದು ಪಕ್ಕದಲ್ಲಿಟ್ಟುಕೊಂಡ.

“ಮನೆ ನೀರು ಇದೆಯಲ್ಲಣ್ಣಾ,” ಎಂದಳು ಭಾರತಮ್ಮ.

“ಇರ್ಲಿ ತಾಯಿ. ಅಭ್ಯಾಸ.”

“ಶುರು ಮಾಡಿ ಭಾವ,” ಎಂದ ಚನ್ನರಾಯಪ್ಪ.

“ನೀವು ಮೊದ್ಲು ಭಾವ.”

“ನೀವು ಮನೆಗೆ ಬಂದೋರು.”

“ನೀವು ಮನೆ ಯಜಮಾನ್ರು.”

ಚನ್ನರಾಯಪ್ಪ ಮುದ್ದೆ ಮುರಿಯಲು ಕೈ ಹಾಕಿದ. ಚಿಕ್ಕವೆಂಕಟಪ್ಪ ತಟಕ್ಕನೆ ತಟ್ಟೆ ಬದಲಾಯಿಸಿದ. ಚನ್ನರಾಯಪ್ಪ ಇದೇನೋ ಟೇಕಲ್ ಕಡೆಯ ಮರ್ಯಾದೆ ಇರಬೇಕು ಎಂದುಕೊಂಡು ತಾನೂ ವಾಪಸು ಬದಲಾಯಿಸಿದ. ಅದನ್ನು ನೋಡಿ ಚಿಕ್ಕವೆಂಕಟಪ್ಪನ ಹಣೆಯಲ್ಲಿ ಬೆವರು ಬಂತು. ಅವನು ಮತ್ತೆ ಬದಲಾಯಿಸಿದ. ಕೊನೆಗೆ ಯಾವ ತಟ್ಟೆ ಯಾರದು ಎನ್ನುವುದು ಇಬ್ಬರಿಗೂ ತಪ್ಪಿಹೋಯಿತು.

“ಏನ್ ಭಾವ ಇದು?” ಚನ್ನರಾಯಪ್ಪ ಸಮಾಧಾನ ಹೇಳಿದ. “ಆರಾಮಾಗಿ ಉಣ್ಣಿ. ಉಂಡ್ಮೇಲೆ ಯಾವ ಟೆನ್ಷನ್ನೂ ಇರಲ್ಲ.”

ಚಿಕ್ಕವೆಂಕಟಪ್ಪ ನಿಧಾನವಾಗಿ ಎದ್ದು, ಒಂದು ತುತ್ತು ಮುದ್ದೆಗೆ ಸಾರು ಸವರಿ, ಬಾಗಿಲಲ್ಲಿ ಮಲಗಿದ್ದ ನಾಯಿಯ ಮುಂದೆ ಹಾಕಿದ. ನಾಯಿ ಬೆಳಗ್ಗೆ ಕೊಟ್ಟಿಗೆಗೆ ನುಗ್ಗಿ ಡ್ರಮ್ಮಿಗೆ ಹಾಕಿ ಉಳಿದ ತೌಡು, ಬೆಲ್ಲ ಎಲ್ಲ ಮುಗಿಸಿತ್ತು. ಹೊಟ್ಟೆ ಬಿರಿಯುವ ಹಾಗಿತ್ತು. ಅದು ತುತ್ತನ್ನು ಮೂಸಿ, ಚನ್ನರಾಯಪ್ಪನನ್ನು ನೋಡಿ, ಎದ್ದು ಬೀದಿಯ ಆಚೆ ಬದಿಗೆ ಹೋಗಿ ಮಲಗಿತು.

“ನೋಡಿದ್ಯಾ ಭಾರತೀ?” ಚಿಕ್ಕವೆಂಕಟಪ್ಪ ನಾಯಿಯ ಕಡೆ ಬೆರಳು ಮಾಡಿದ. “ನಾಯಿಗೆ ಗೊತ್ತಾಯ್ತು. ನಾಯಿ ತಿನ್ನದ್ದನ್ನ ನಾನು ತಿನ್ಲಾ?”

“ನಾನು ಮಾಡಿದ ಅಡಿಗೇನಾ ಅಣ್ಣಾ?” ಭಾರತಮ್ಮನ ಕಣ್ಣು ಕೆಂಪಾಯಿತು.

“ನೀನು ಮಾಡಿದ್ದು ಸರಿಯಾಗೇ ಇರ್ತದೆ. ಆಮೇಲೆ ಯಾರು ಏನ್ ಕಲೆಸಿದ್ರೋ ಅದನ್ನ ಕೇಳು. ಮಂದು ಕಲೆಸಿಟ್ಟಿದೀನಿ ಅಂತ ಬೆಳಗ್ಗೆ ತಿಪ್ಪೆ ಮೇಲೆ ನಿಂತು ಊರಿಗೆಲ್ಲ ಸಾರಿದಾನಂತೆ.”

“ಅದು ಮೀನಿಗೆ ಭಾವ!” ಎಂದ ಚನ್ನರಾಯಪ್ಪ.

ಭಾರತಮ್ಮ ಸೌಟು ಹಿಡಿದು ಗಂಡನ ಕಡೆ ತಿರುಗಿದಳು. ಡ್ರಮ್ಮಿನ ಸಂಗತಿ ಅವಳಿಗೆ ಗೊತ್ತಿತ್ತು, ಬೆಲ್ಲ ಕುಟ್ಟಿಕೊಟ್ಟವಳೇ ಅವಳು. ಆದರೂ ಕೋಪ ಬಂದಾಗ ಬಹುವಚನ ಬಿಡುವುದು ಅವಳ ಪದ್ಧತಿ.

“ಮೀನಿಗೆ ಅಂತ ತಂದೆ, ಸರಿ. ಎಲ್ಲಾ ಮೀನಿಗೇ ಹಾಕಿದ್ಯಾ?”

ಆ ಪ್ರಶ್ನೆಗೆ ಏನು ಉತ್ತರ ಕೊಟ್ಟರೂ ಅನುಮಾನ ಬರುವ ಹಾಗಿತ್ತು. ಚನ್ನರಾಯಪ್ಪ ಕೈ ತೊಳೆದುಕೊಂಡು ಕೊಟ್ಟಿಗೆಗೆ ಹೋದ. ಡ್ರಮ್ಮನ್ನು ಕೈಗಾಡಿಗೆ ಏರಿಸಿ ಹೊಂಡದ ಕಡೆ ತಳ್ಳಿದ. ಸಂಜೆಯೊಳಗೆ ಅನಿಲ್‌ಕುಮಾರನ ಗಾಡಿ ಮೀನು ತುಂಬಿಕೊಂಡು ಹೋದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬುದು ಅವನ ಲೆಕ್ಕ.

ಚಿಕ್ಕವೆಂಕಟಪ್ಪ ಹಸಿದ ಹೊಟ್ಟೆಯಲ್ಲಿ ನೇರ ಗುಡಿಯ ಮೆಟ್ಟಿಲಿಗೆ ಹೋಗಿ ಟೇಕಲ್ಲಿಗೆ ಫೋನ್ ಹಚ್ಚಿದ. “ಲೇ ಚಂದ್ರು, ನಾನು ಕತ್ತಲೊಳಗೆ ಮನೆಗೆ ಬರ್ಲಿಲ್ಲ ಅಂದ್ರೆ ಯಾರು ಕಾರಣ ಅಂತ ಈಗ್ಲೇ ಹೇಳ್ತೀನಿ, ಕೇಳ್ಕೋ” ಎಂದು ಮಗನಿಗೆ ವಿವರವಾಗಿ ಹೇಳಿದ. ಮೆಟ್ಟಿಲ ಮೇಲೆ ಕೂತಿದ್ದವರೂ ಕೇಳಿಕೊಂಡರು. ಅಲ್ಲಿವರೆಗೆ ಡ್ರಮ್ಮಿನಲ್ಲಿರುವುದು ಸಾರಾಯಿ ಎಂದು ಆಸೆಯಲ್ಲಿದ್ದ ಗಂಡಸರಿಗೆ ಅದು ವಿಷ ಎಂದು ತಿಳಿದು ಮೋಸಹೋದ ಹಾಗಾಯಿತು. ಎಲ್ಲರೂ ಎದ್ದು ಹೊಂಡದ ಕಡೆ ಹೊರಟರು.

ಅವರು ಹೋಗುವ ಹೊತ್ತಿಗೆ ಚನ್ನರಾಯಪ್ಪ ಕೊನೆಯ ಬಕೆಟ್ಟನ್ನು ಹೊಂಡಕ್ಕೆ ಸುರಿಯುತ್ತಿದ್ದ. ಡ್ರಮ್ಮಿನ ತಳದಲ್ಲಿ ಒಂದಿಷ್ಟು ಗಷ್ಟು ಉಳಿದಿತ್ತು. ನೀರಿನ ಮೇಲೆ ಬಿಳಿ ನೊರೆ ನಿಂತಿತ್ತು.

“ಅಯ್ಯಯ್ಯೋ, ಹೊಂಡಕ್ಕೇ ಹಾಕ್ಬಿಟ್ಟ!” ಎಂದು ಆಂಜಿನಮ್ಮ ಬಾಯಿ ಬಡಿದುಕೊಂಡಳು.

“ಗೊತ್ತಾಯ್ತಲ್ಲ ಈಗ?” ಚಿಕ್ಕವೆಂಕಟಪ್ಪ ಜನರ ಕಡೆ ತಿರುಗಿದ. “ನನಗೆ ಅಂತ ಇಟ್ಟಿದ್ದ. ನಾನು ಉಣ್ಲಿಲ್ಲ. ಸಾಕ್ಷಿ ಉಳೀಬಾರ್ದು ಅಂತ ನೀರಿಗೆ ಸುರಿದ.”

“ಒಬ್ಬ ಮನುಷ್ಯನಿಗೆ ಒಂದು ಡ್ರಮ್ಮು ಯಾರಾದ್ರೂ ಕಲೆಸ್ತಾರಾ ಭಾವ?”

“ನನ್ನ ಮೇಲೆ ನಿಮಗೆ ಎಷ್ಟು ಸಿಟ್ಟಿದೆ ಅಂತ ನನಗೇನ್ ಗೊತ್ತು?”

ಇದೇ ಹೊತ್ತಿಗೆ, ಹೇಳಿದ್ದಕ್ಕಿಂತ ಮೊದಲೇ, ಅನಿಲ್‌ಕುಮಾರನ ಗಾಡಿ ಬಂತು. ಅವನು ಬರುವಾಗ ಕ್ರಾಸಿನಲ್ಲಿ ಟೀ ಕುಡಿದಿದ್ದ. ಟೀ ಜೊತೆಗೆ ಸುದ್ದಿಯ ಮೂರು ಬಗೆಗಳನ್ನೂ ಕುಡಿದಿದ್ದ. ಅವನ ಹಿಂದೆಯೇ ಟಿವಿಎಸ್ ಮೇಲೆ ಸೀನ ಬಂದ. ಊರ ಕೆರೆಯ ಮೀನಿನ ಹರಾಜು ಹಿಡಿದವನು ಈ ಸೀನ. ಟಿವಿಎಸ್ಸಿನ ಹಿಂದೆ ನೀರು ತುಂಬಿದ ಟಬ್ಬಿನಲ್ಲಿ ಆಗತಾನೆ ಹಿಡಿದ ಮೀನಿತ್ತು. ನಂಗಲಿಗೆ ಮಾರಲು ಹೊರಟವನು ಇಲ್ಲಿ ಗುಂಪು ಕಂಡು ನಿಂತ. ಚನ್ನರಾಯಪ್ಪ ಹೊಂಡ ಮಾಡಿದಾಗಿನಿಂದ ಅವನಿಗೆ ಹೊಟ್ಟೆಯುರಿ.

ಅನಿಲ್‌ಕುಮಾರ್ ಬಲೆಯ ಆಳುಗಳಿಗೆ ಇಳಿಯಬೇಡಿ ಎಂದು ಕೈಯಾಡಿಸಿದ. “ಗೌಡ್ರೇ, ನೊರೆ ಏನು?” ಎಂದು ಚನ್ನರಾಯಪ್ಪನನ್ನು ಕೇಳಿದ.

“ಪ್ರೋಬಾ... ಪ್ರೋಬಟ್ಟಿ... ಮಂದು ಸಾರ್.”

“ಬಟ್ಟಿ ಅಂದ, ಕೇಳಿದ್ರಾ?” ಎಂದ ವೆಂಕಟರಾಯಪ್ಪ ಹಿಂದಿನಿಂದ. “ಬಾಯಿ ತಪ್ಪಿ ನಿಜ ಬಂತು.”

ಚನ್ನರಾಯಪ್ಪನಿಗೆ ರೇಗಿತು. ಡ್ರಮ್ಮಿನ ತಳದ ಗಷ್ಟನ್ನು ಲೋಟದಲ್ಲಿ ಬಗ್ಗಿಸಿಕೊಂಡು, ಎಲ್ಲರ ಎದುರಿಗೆ ಎತ್ತಿ ಗಟಗಟ ಕುಡಿದ. ಅದು ಹುಳಿಬಂದ ದನದ ಮೇವನ್ನು ಹಿಂಡಿ ಕುಡಿದ ಹಾಗಿತ್ತು. ಮುಖ ಕಿವುಚಬಾರದು ಎಂದು ಹಲ್ಲು ಕಚ್ಚಿ ನಿಂತ. “ನೋಡಿ. ಸತ್ತನಾ?”

ಜನ ಸ್ವಲ್ಪ ಹೊತ್ತು ಕಾದರು. ಅವನು ಸಾಯಲಿಲ್ಲ. ಯಾರಿಗೂ ಸಮಾಧಾನವಾಗಲಿಲ್ಲ.

“ಅವನಿಗೇನಾಗ್ತದೆ? ದಿನಾ ಕುಡಿಯೋನು,” ಎಂದ ಸೀನ.

“ನನಗೆ ಮಾತ್ರ ಚೊಂಬು ಖಾಲಿ ಕಳ್ಸಿದ,” ಎಂದ ವೆಂಕಟರಾಯಪ್ಪ.

“ಕೋಲಾರದ ಮೇಡಮ್ಮಿಗೆ ಫೋನ್ ಮಾಡಿ ಸಾರ್,” ಎಂದು ಚನ್ನರಾಯಪ್ಪ ಅಂಗಲಾಚಿದ. ಅನಿಲ್‌ಕುಮಾರನದು ಬೇರೆ ಕಂಪನಿಯ ಸಿಮ್ಮು, ಅದರಲ್ಲಿ ಹೇಗೋ ಒಂದು ಕಡ್ಡಿ ಸಿಗ್ನಲ್ ಇತ್ತು. ಅವನು ಧನಶ್ರೀ ಮೇಡಮ್ಮಿಗೆ ಹಚ್ಚಿ ಸ್ಪೀಕರ್ ಹಾಕಿದ. ಡ್ರಮ್ಮಿನಲ್ಲಿ ಇರುವುದೇನು ಎಂದು ಕೇಳಿದ. ಮೇಡಂ ಚೆನ್ನಾಗಿಯೇ ವಿವರಿಸಿದರು. ಆದರೆ ಗಾಳಿಯಲ್ಲಿ ತುಂಡಾಗಿ ಈ ಕಡೆ ಬಂದು ಬಿದ್ದದ್ದು ಇಷ್ಟು.

“...ಬ್ಯಾಕ್ಟೀರಿಯಾ ಇರತ್ತೆ... ಕೋಟಿಗಟ್ಟಲೆ... ಹೊಟ್ಟೆಯೊಳಗೆ ಸೇರ್ಕೊಂಡು... ಬೆಳೀತಾ ಹೋಗತ್ತೆ... ಭಯ ಪಡೋ...”

ಫೋನ್ ಸತ್ತಿತು.

ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ಆಗತಾನೆ ಒಂದು ಲೋಟ ಕುಡಿದಿದ್ದ ಚನ್ನರಾಯಪ್ಪನೂ ತನಗೆ ಅರಿವಿಲ್ಲದೆ ಹೊಟ್ಟೆ ಮುಟ್ಟಿಕೊಂಡ.

“ಗಾಡಿ ತಿರುಗ್ಸು,” ಎಂದ ಅನಿಲ್‌ಕುಮಾರ್ ಡ್ರೈವರಿಗೆ.

“ಸಾರ್, ಸಾರ್!” ಚನ್ನರಾಯಪ್ಪ ಗಾಡಿಯ ಮುಂದೆ ಹೋಗಿ ನಿಂತ. ಹಿಂದಿನಿಂದ ಭಾರತಮ್ಮ ಬಂದು ಬದುವಿನ ಮೇಲೆ ನಿಂತಿದ್ದಳು. ಅವಳು ಹೊಂಡವನ್ನು ನೋಡುತ್ತಿದ್ದ ರೀತಿಯಲ್ಲಿ ಎಷ್ಟು ಟ್ರ್ಯಾಕ್ಟರ್ ಮಣ್ಣು ಬೇಕಾದೀತು ಎಂಬ ಅಂದಾಜು ಕಾಣುತ್ತಿತ್ತು. “ನಿಮಗೆ ಬೇಕಾದ ಹಾಗೆ ಪರೀಕ್ಷೆ ಮಾಡಿ. ಒಂದು ಮೀನು ಹಿಡ್ದು ನೋಡಿ ಸಾರ್.”

ಆಗ ವೆಂಕಟರಾಯಪ್ಪ ಹಿರಿಯತನಕ್ಕೆ ತಕ್ಕ ಹಾಗೆ ಮುಂದೆ ಬಂದ. “ಪಂಚಾಯ್ತಿ ನಾನು ಮಾಡ್ತೀನಿ. ಎರಡು ಬಾಂಡ್ಲಿ ತರ್ಸಿ. ಒಂದ್ರಲ್ಲಿ ಚನ್ನರಾಯನ ಮೀನು, ಇನ್ನೊಂದ್ರಲ್ಲಿ ಸೀನನ ಕೆರೆ ಮೀನು. ಎರಡಕ್ಕೂ ಒಂದೇ ಬೋರ್‌ವೆಲ್ ನೀರು, ಒಂದೇ ಬಿಸ್ಲು. ಗಾಡೀಲಿ ಕುಲುಕೋ ಹಾಗೆ ಕುಲುಕ್ತಾ ಇರಿ. ವಿಷ ತಿಂದಿರೋದು ಮೊದ್ಲು ಸಾಯ್ತದೆ. ಒಪ್ಪಿಗೇನಾ?”

“ಒಪ್ಪಿಗೆ,” ಎಂದ ಸೀನ ತಕ್ಷಣ. ಅವನ ಮೀನು ಕೆರೆಯಲ್ಲಿ ತಾನಾಗಿ ಬೆಳೆದದ್ದು, ಯಾರೂ ಏನೂ ಹಾಕಿರಲಿಲ್ಲ.

“ಒಪ್ಪಿಗೆ,” ಎಂದ ಚನ್ನರಾಯಪ್ಪ ಅವನಿಗಿಂತ ಜೋರಾಗಿ. ಅವನ ಎದೆ ಹಿಗ್ಗಿಹೋಗಿತ್ತು. ಇಷ್ಟು ದಿನ ಮೇವಿನಲ್ಲಿ ಕಲೆಸಿ ಕಲೆಸಿ ಹಾಕಿದ್ದು ಇದಕ್ಕೇ ಅಲ್ಲವೇ?

ಆಳು ಬೀಸುಬಲೆ ಎಸೆದು ಹೊಂಡದಿಂದ ಒಂದು ರೋಹು ಮೀನು ಎಳೆದ. ಸೀನ ತನ್ನ ಟಬ್ಬಿನಿಂದ ಅಷ್ಟೇ ಗಾತ್ರದ ಇನ್ನೊಂದನ್ನು ಎತ್ತಿ ಹಾಕಿದ. ಇಬ್ಬರು ಎರಡು ಬಾಂಡ್ಲಿಗಳನ್ನು ಹಿಡಿದು ತೊಟ್ಟಿಲು ತೂಗುವ ಹಾಗೆ ಕುಲುಕತೊಡಗಿದರು. ಊರೆಲ್ಲ ಬಗ್ಗಿ ನಿಂತಿತು. ಚಿಕ್ಕವೆಂಕಟಪ್ಪ ಎರಡು ಬಾಂಡ್ಲಿಯ ತಳವನ್ನೂ ಮುಟ್ಟಿ ತೂತಿಲ್ಲ ಎಂದು ಖಾತ್ರಿ ಮಾಡಿಕೊಂಡ.

ಮೊದಲು ಎರಡೂ ಗಾಬರಿಯಿಂದ ಸುತ್ತಿದವು. ಬಿಸಿಲು ಚುರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಸೀನನ ಮೀನು ಮೇಲಕ್ಕೆ ಬಂದು, ಸಾಲ ಕೊಟ್ಟವನನ್ನು ಬಾಗಿಲಲ್ಲಿ ಕಂಡವನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡತೊಡಗಿತು. ಆಮೇಲೆ ಒಂದು ಕಡೆ ವಾಲಿತು. ಸೀನ “ಲೇ, ಏಳೋ, ಏಳೋ” ಎಂದು ಬೆರಳಿಂದ ನೆಟ್ಟಗೆ ಮಾಡಿದ.

“ಮುಟ್ಟಬಾರ್ದು! ಮುಟ್ಟಬಾರ್ದು!” ಎಂದು ಚನ್ನರಾಯಪ್ಪ ಕುಣಿದ.

ಅವನ ರೋಹು ಮದುವೆಮನೆಯಲ್ಲಿ ಊಟದ ಪಂಕ್ತಿ ಹುಡುಕುವವನ ಹಾಗೆ ಬಾಂಡ್ಲಿಯ ಅಂಚಿನಲ್ಲಿ ಸುತ್ತುತ್ತಲೇ ಇತ್ತು. ಇನ್ನಷ್ಟು ಹೊತ್ತಿಗೆ ಸೀನನ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿ ಸುಮ್ಮನಾಯಿತು. ವೆಂಕಟರಾಯಪ್ಪ ಅದನ್ನು ಬಾಲ ಹಿಡಿದು ಎತ್ತಿ ಎಲ್ಲರಿಗೂ ತೋರಿಸಿ, “ಸತ್ತಿದೆ” ಎಂದು ತೀರ್ಪು ಕೊಟ್ಟ.

ಚನ್ನರಾಯಪ್ಪ ಹೆಗಲ ಮೇಲಿನ ಟವೆಲು ತೆಗೆದು ಗಾಳಿಗೆ ಬೀಸಿದ. “ವಿಷ ಅಂದ್ರಲ್ಲ! ಈಗ ಹೇಳಿ! ಯಾರ್ ಸತ್ತಿದ್ದು? ಯಾರ್ ಬದುಕಿದ್ದು? ಭಾವ, ಹೇಳಿ ಭಾವ!”

ಚಿಕ್ಕವೆಂಕಟಪ್ಪ ತಲೆ ತಗ್ಗಿಸಿದ. “ಸಾರು ಇನ್ನೂ ಉಳ್ದಿದ್ಯಾ ಭಾರತೀ?” ಎಂದು ಮೆಲ್ಲಗೆ ಕೇಳಿದ. ಆಂಜಿನಮ್ಮ “ನಾನು ಕೇಳಿದ್ದನ್ನ ಹೇಳ್ದೆ, ನಂದೇನಿದೆ” ಎಂದು ಸೆರಗು ಸರಿ ಮಾಡಿಕೊಂಡಳು. ಭಾರತಮ್ಮ ಎಲ್ಲರ ಎದುರಿಗೆ ಗಂಡನಿಗೆ, “ಬಿಸ್ಲಲ್ಲಿ ನಿಂತಿದೀರ, ಈ ಕಡೆ ಬನ್ರೀ” ಎಂದಳು. ಬಹುವಚನ ವಾಪಸು ಬಂದಿತ್ತು.

“ಬಲೆ ಇಳಿಸಿ ಸಾರ್,” ಎಂದ ಚನ್ನರಾಯಪ್ಪ.

ಅನಿಲ್‌ಕುಮಾರ್ ಕುಕ್ಕರುಗಾಲಲ್ಲಿ ಕೂತು ರೋಹುವನ್ನೇ ನೋಡುತ್ತಿದ್ದ. ಬಾಂಡ್ಲಿಯನ್ನು ಎರಡು ಸಲ ಜೋರಾಗಿ ಅಲ್ಲಾಡಿಸಿದ. ಮೀನು ಇನ್ನೂ ಚುರುಕಾಯಿತು. ಅದನ್ನು ಹೊರಗೆ ತೆಗೆದು ಬಿಸಿಯಾದ ಬಂಡೆಯ ಮೇಲೆ ಬಿಟ್ಟ. ಅದು ಎಗರಿ ಎಗರಿ ಅವನ ಚಪ್ಪಲಿಯ ತನಕ ಬಂತು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಮತ್ತೆ ನೀರಿಗೆ ಹಾಕಿದ. ಅದು ಏನೂ ಆಗಿಲ್ಲದ ಹಾಗೆ ಸುತ್ತತೊಡಗಿತು.

“ಯಾಕೆ ಸಾಯ್ತಾ ಇಲ್ಲ ಇದು?” ಎಂದ ಅನಿಲ್‌ಕುಮಾರ್.

“ಅದೇ ಸಾರ್ ಅದರ ಗುಣ!”

“ಅದೇ ನಾನು ಕೇಳ್ತಿರೋದು. ಮೀನು ಅಂದ್ರೆ ಸಾಯ್ಬೇಕು ಗೌಡ್ರೇ. ನೀರಿಂದ ತೆಗುದ್ರೆ ಸಾಯ್ಬೇಕು, ಬಿಸ್ಲಲ್ಲಿ ಕುಲುಕಿದ್ರೆ ಸಾಯ್ಬೇಕು. ಹುಟ್ಟಿದಾಗಿಂದ ಈ ವ್ಯಾಪಾರ ನೋಡಿದೀನಿ. ಸಾಯ್ದೆ ಇರೋ ಮೀನು ನೋಡಿರ್ಲಿಲ್ಲ.”

“ಮುಳಬಾಗಿಲ ತನಕ ಬದುಕಿರ್ಬೇಕು ಅಂದವರು ನೀವೇ ಅಲ್ವಾ ಸಾರ್?”

“ಮುಳಬಾಗಿಲ ತನಕ ಅಂದೆ. ಇದು ಮುಳಬಾಗಿಲು ದಾಟಿ, ಕೋಲಾರ ದಾಟಿ ಹೋಗೋ ಮೀನು. ಕೊಂಡೋರ ಮನೇಲಿ ಸಾರಿನೊಳಗೆ ಎದ್ದು ಕೂತ್ರೆ ನಾನೇನ್ ಉತ್ರ ಕೊಡ್ಲಿ? ಇದಕ್ಕೇನ್ ಹಾಕಿದೀರ ಅಂತ ಗಿರಾಕಿ ಕೇಳ್ತಾನೆ. ಮಂದು ಅನ್ಲಾ?”

ಗುಂಪಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಮೀನು ಸಾಯದೆ ಇರುವುದೇ ತಮಗೆ ತೊಡಕಾಗಿದ್ದದ್ದು ಎಂದು ಎಲ್ಲರಿಗೂ ಈಗ ಹೊಳೆಯಿತು.

“ನನಗೆ ಮೊದ್ಲೇ ಅನ್ಸ್ತು,” ಎಂದಳು ಆಂಜಿನಮ್ಮ.

“ಸಹಜವಾಗಿ ಬೆಳೆದಿದ್ದು ಸಹಜವಾಗಿ ಸಾಯ್ತದೆ,” ಎಂದ ವೆಂಕಟರಾಯಪ್ಪ. ಅದು ಅವನ ಎರಡನೆಯ ತೀರ್ಪು. “ಅದೋ ನೋಡು, ಸೀನನ ಮೀನು ಎಷ್ಟು ಮರ್ಯಾದೆಯಾಗಿ ಸತ್ತಿದೆ.”

ಸೀನನಿಗೆ ಇದನ್ನು ಯಾರೂ ಎರಡು ಸಲ ಹೇಳಬೇಕಾಗಲಿಲ್ಲ. ಸತ್ತ ಮೀನನ್ನು ಅಂಗೈ ಮೇಲೆ ಮಲಗಿಸಿಕೊಂಡು ವ್ಯಾಪಾರಿಯ ಮುಂದೆ ಹಿಡಿದ. “ಮಂದು ಇಲ್ಲ, ಮಾಟ ಇಲ್ಲ ಸಾರ್. ಇದಕ್ಕಿಂತ ರುಜುವಾತು ಬೇಕಾ? ಕೆರೇಲಿ ಇನ್ನೂ ಬೇಕಾದಷ್ಟಿದೆ. ಎಲ್ಲಾ ಹಿಂಗೇ ಸಾಯ್ತವೆ, ನಂದು ಗ್ಯಾರಂಟಿ.”

ಅನಿಲ್‌ಕುಮಾರ್ ಅದರ ಕಿವಿರು ಬಿಡಿಸಿ ನೋಡಿ, ಒತ್ತಿ ನೋಡಿ, ಮೂಸಿ ನೋಡಿ ತಲೆಯಾಡಿಸಿದ. ನೀರಿನ ತೊಟ್ಟಿಯ ಗಾಡಿ ಕೆರೆಯ ಕಡೆ ತಿರುಗಿತು. ಬಲೆಯ ಆಳುಗಳು ಹಿಂದೆ ಹತ್ತಿಕೊಂಡರು. ಸೀನ ಟಿವಿಎಸ್ಸಿನಲ್ಲಿ ದಾರಿ ತೋರಿಸುತ್ತ ಮುಂದೆ ಹೋದ.

ಚನ್ನರಾಯಪ್ಪ ಗಾಡಿಯ ಬಾಗಿಲು ಹಿಡಿದು ಸ್ವಲ್ಪ ದೂರ ಓಡಿದ. “ಸಾರ್, ನಾನೇನ್ ಮಾಡ್ಲಿ ಹೇಳಿ ಸಾರ್!”

ಅನಿಲ್‌ಕುಮಾರನಿಗೆ ಕನಿಕರ ಬಂದಿರಬೇಕು. ತಲೆ ಹೊರಗೆ ಹಾಕಿ ಹೇಳಿದ. “ಸುಮ್ನೆ ಹೊಡ್ದು ಸಾಯ್ಸೋದಲ್ಲ, ನನಗೆ ಗೊತ್ತಾಗ್ತದೆ. ತಾವಾಗೇ ಒಂದೆರಡು ಸತ್ತು ತೇಲ್ಲಿ. ಫೋಟೋ ಕಳ್ಸಿ. ಆಮೇಲೆ ಗಾಡಿ ತರ್ತೀನಿ.”

ಜನ ಒಬ್ಬೊಬ್ಬರಾಗಿ ಊರ ಕಡೆ ಹೋದರು. ಚಿಕ್ಕವೆಂಕಟಪ್ಪ ಉಳಿದ ಸಾರಿನ ಆಸೆ ಬಿಟ್ಟು, ಸಿಕ್ಕಿದ ಲಗೇಜ್ ಆಟೋ ಹತ್ತಿ ನಂಗಲಿಗೆ ಹೊರಟುಹೋದ. ಚನ್ನರಾಯಪ್ಪ ಬಾಂಡ್ಲಿಯ ರೋಹುವನ್ನು ಹೊಂಡಕ್ಕೆ ಬಿಟ್ಟು ಬದುವಿನ ಮೇಲೆ ಕುಕ್ಕರಿಸಿದ. ನೊರೆ ಕರಗಿತ್ತು. ಬೆಳಗ್ಗಿನಿಂದ ಮೇವು ಬಿದ್ದಿರದಿದ್ದರಿಂದ ಮೀನುಗಳು ಅವನ ನೆರಳು ಕಂಡ ಕೂಡಲೇ ಗುಂಪಾಗಿ ಬಂದು, ಬಾಯಿ ತೆರೆದು, ಒಂದರ ಮೇಲೊಂದು ಎಗರತೊಡಗಿದವು. ಒಂದಕ್ಕೂ ಎಲ್ಲೂ ಗಾಯವಿಲ್ಲ, ಮಂಕಿಲ್ಲ, ವಾಲಿಕೆಯಿಲ್ಲ. ಅವನು ಒಂದೊಂದನ್ನೂ ಆಸೆಯಿಂದ ನೋಡಿದ. ಅಂಚಿನಲ್ಲಿ ಒಂದು ಕಟ್ಲಾ ಮೀನು ಸ್ವಲ್ಪ ನಿಧಾನವಾಗಿ ಹೋಗುತ್ತಿದೆ ಅನ್ನಿಸಿ ಮುಂದಕ್ಕೆ ಬಗ್ಗಿದ. ಅದು ಬಾಲ ಬಡಿದು ಅವನ ಮುಖಕ್ಕೆ ನೀರು ಎರಚಿ ಒಳಗೆ ಹೋಯಿತು.

ಹೊತ್ತು ಇಳಿಯುವಾಗ ಭಾರತಮ್ಮ ಮನೆಯ ಬಾಗಿಲಿನಿಂದ ಕೂಗಿದಳು.

“ಏನಾದ್ರೂ ಸತ್ತಿತಾ?”

“ಇಲ್ಲ ಕಣೇ.”

“ಒಂದೂ?”

ಚನ್ನರಾಯಪ್ಪ ಇನ್ನೊಮ್ಮೆ ನೀರನ್ನು ನೋಡಿದ.

“ಒಂದೂ ಇಲ್ಲ.”

ಸ್ವಲ್ಪ ಹೊತ್ತಿನ ಮೇಲೆ ಅವಳು ಬೀದಿಯಲ್ಲಿ ಹೋಗುತ್ತಿದ್ದವರನ್ನು ನಿಲ್ಲಿಸಿ, ಟ್ರ್ಯಾಕ್ಟರ್ ಮಣ್ಣು ಯಾರ ಹತ್ತಿರ ಸಿಗುತ್ತದೆ ಎಂದು ವಿಚಾರಿಸುತ್ತಿರುವುದು ಕೇಳಿಸಿತು.